ನಿಮಗಿದು ಗೊತ್ತೆ? ನೋವೊಂದೆಡೆ, ಮೂಲವೊಂದೆಡೆ

ಹೈದರಾಬಾದಿನ ನಾಚಾರಂ ಕೈಗಾರಿಕಾ ವಲಯದಲ್ಲಿ ದಿನವಿಡೀ ಯಂತ್ರದ ಮುಂದೆ ಕುತ್ತಿಗೆ ಬಾಗಿಸಿ ದುಡಿಯುವ ಶ್ರಮಿಕನಿಗೆ ಸಾಯಂಕಾಲದ ಹೊತ್ತಿಗೆ ಕಣತಲೆಯಲ್ಲಿ ತಲೆದೋರುವ ಶೂಲೆಯ ಮೂಲವು ಶಿರಸ್ಸಿನಲ್ಲಿರದೆ, ಹೆಗಲಿನ ಟ್ರೆಪೀಜಿಯಸ್ ಸ್ನಾಯುವಿನ ಬಿಗಿದ ತಂತುಗಳ ನಡುವೆ ಬೆರಳಿಗೆ ಗಂಟಿನಂತೆ ತಗಲುವ ಬಿಂದುವೊಂದರಲ್ಲಿ ಇರಬಹುದು. ಟ್ರಿಗರ್ ಪಾಯಿಂಟ್ ಎಂದು ಅದಕ್ಕೆ ಹೆಸರು. ಇಂಥ ಬಿಂದುಗಳನ್ನು ಅರಸಿ ನೋವು ಶಮನಗೊಳಿಸುವ ವಿದ್ಯೆಗೆ ಆಯುಷ್ಯವನ್ನೇ ಮುಡಿಪಾಗಿಟ್ಟ ವೈದ್ಯೆ ಜಾನೆಟ್ ಟ್ರಾವೆಲ್ ಅವರು, ಬೆನ್ನುನೋವಿನಿಂದ ಬಳಲುತ್ತಿದ್ದ ಜಾನ್ ಕೆನಡಿಯವರಿಗೆ ಚಿಕಿತ್ಸೆ ನೀಡಿ, ಅವರು ಅಮೆರಿಕದ ಅಧ್ಯಕ್ಷರಾದ 1961ರಲ್ಲಿ ಅಧ್ಯಕ್ಷರ ಆಪ್ತವೈದ್ಯ ಪದವಿಗೇರಿದ ಪ್ರಥಮ ಮಹಿಳೆಯಾದರು. ವೈದ್ಯ ಡೇವಿಡ್ ಸೈಮನ್ಸರೊಡನೆ ಟ್ರಾವೆಲ್ ಈ ಬಿಂದುಗಳನ್ನು ಕುರಿತು ರಚಿಸಿದ ಬೃಹದ್ಗ್ರಂಥದ ಮೊದಲ ಸಂಪುಟ 1983ರಲ್ಲಿ ಪ್ರಕಟವಾಯಿತು. ಬಿಂದುವನ್ನು ಅರಸಿ ಹದವಾಗಿ ಅದುಮುವುದು, ಬಳಿಕ ಸ್ನಾಯುವನ್ನು ಮೆಲ್ಲನೆ ಹಿಗ್ಗಿಸುವುದು, ಕೆಲವೊಮ್ಮೆ ಸೂಜಿ ಚುಚ್ಚುವುದು ಈ ಚಿಕಿತ್ಸೆಯ ಕ್ರಮ. ಈ ಬಿಂದುಗಳ ಸ್ವರೂಪವನ್ನು ಕುರಿತು ತಜ್ಞರಲ್ಲಿ ಇನ್ನೂ ಭಿನ್ನಾಭಿಪ್ರಾಯವುಂಟು. ಎದೆನೋವೋ ಜ್ವರವೋ ಕೈಗಳ ಜೋಮೋ ಕೂಡಿಕೊಂಡಿದ್ದರಂತೂ ಅದುಮುತ್ತ ಕಾಲಹರಣ ಮಾಡಲಾಗದು, ಕೂಡಲೇ ವೈದ್ಯರನ್ನು ಕಾಣಬೇಕು; ವಿಮೆಯುಳ್ಳ ಕಾರ್ಮಿಕರಿಗೆ ನಾಚಾರಂನಲ್ಲಿಯೇ ಇ.ಎಸ್.ಐ. ಆಸ್ಪತ್ರೆಯಿದೆ.