ಯಾವ ಮೇಳದ ಆಟ ಮಾರಾಯ್ರೆ?

ನಮ್ಮ ಕಡೆ 'ಆಟ' ಅಂದರೆ ಒಂದೇ ಅರ್ಥ ಇದ್ದ ಕಾಲವೊಂದಿತ್ತು. ಚೆಂಡೆ ಸದ್ದು ಕೇಳಿದ ಕಡೆಗೆ ಟಾರ್ಚು ಹಿಡಿದು ನಡೆಯುವುದು, ಬೆಳಕು ಹರಿಯುವಾಗ ಕಣ್ಣುಜ್ಜಿಕೊಂಡು ಮೊದಲ ಬಸ್ಸು ಹತ್ತುವುದು. ಬಸ್ಸಿನಲ್ಲಿ ಯಾರ ಕಣ್ಣಾದರೂ ಕೆಂಪಾಗಿದ್ದರೆ ಪಕ್ಕದವರು ಕೇಳುತ್ತಿದ್ದದ್ದು ಇಷ್ಟೇ: "ಯಾವ ಮೇಳದ್ ಆಟ?"

ಮೊನ್ನೆ ಬೈಂದೂರಿನಲ್ಲಿ ಬೆಳಗಿನ ಬಸ್ಸು ಹತ್ತಿದೆ. ಹೊರಗೆ ಆಸಾಡಿ ಮಳೆ. ಕಿಟಕಿಯ ಟರ್ಪಾಲು ಇಳಿಬಿಟ್ಟಿತ್ತು. ಪಕ್ಕದ ಸೀಟಿನಲ್ಲಿ ಕುಂದಾಪುರಕ್ಕೆ ಕಾಲೇಜಿಗೆ ಹೊರಟ ಹುಡುಗ, ಕಣ್ಣು ಎರಡೂ ದಾಸವಾಳ. ಹಳೇ ಅಭ್ಯಾಸ ಬಿಡುತ್ತದೆಯೇ? "ಕಣ್ಣ್ ಕೆಂಪ್ ಆಯ್ತಲೆ, ನಿನ್ನೆ ಆಟಕ್ಕ್ ಹೋಯಿದ್ಯಾ?" ಅಂದುಬಿಟ್ಟೆ. ಕೇಳಿದ ಮೇಲೆ ನೆನಪಾಯಿತು, ಮೇಳಗಳೆಲ್ಲ ಗೆಜ್ಜೆ ಬಿಚ್ಚಿ ಮನೆ ಸೇರಿ ಎರಡು ತಿಂಗಳಾಯಿತು! ಮಳೆಗಾಲದಲ್ಲಿ ಎಲ್ಲಿಯ ಬಯಲಾಟ?

ಹುಡುಗ ನಕ್ಕ. "ಆಟವೇ ಮಾವ. ಹಾಸಿಗಿ ಮೇಲೇ ಕೂತ್ಕಂಡ್ ಆಡಿದ್."

ಮೊಬೈಲು ತೆಗೆದು ತೋರಿಸಿದ. ಬಿಜಿಎಂಐ. ಮನೆಯಲ್ಲಿ ಹದಿಹರೆಯದ ಮಕ್ಕಳಿದ್ದವರಿಗೆ ಈ ಹೆಸರು ಗೊತ್ತಿರುತ್ತದೆ, ಹೆಚ್ಚಾಗಿ ಬೈಗುಳದ ಜೊತೆಗೆ. ಅಲ್ಲಿಗೇ ನಿಶ್ಚಯ ಮಾಡಿದೆ: ಇವತ್ತು ಬ್ರಹ್ಮಾವರದ ತನಕ ಸಿಕ್ಕಿದವರನ್ನೆಲ್ಲ ಕೇಳುವುದು, "ನೀವು ಈಗ ಆಡುದ್ ಯಾವ ಆಟ, ಹ್ಯಾಂಗಿತ್ತ್?" ಅರವತ್ತು ಕಿಲೋಮೀಟರಿನ ಆಚೀಚೆ ದಾರಿ. ಹವಾಮಾನ, ರಾಜಕೀಯ ಬಿಟ್ಟು ಒಂದು ದಿನ ಬೇರೆ ಮಾತಾಡಿದರೆ ನಷ್ಟವೇನಿಲ್ಲ.

ಹುಡುಗನ ಆಟ ಹೀಗೆ. ನೂರು ಜನ ವಿಮಾನದಿಂದ ಒಂದು ದ್ವೀಪಕ್ಕೆ ಹಾರಬೇಕು. ಬರಿಗೈಯಲ್ಲಿ ಇಳಿದು, ಮನೆ ಮನೆ ನುಗ್ಗಿ ಬಂದೂಕು, ಔಷಧಿ ಹುಡುಕಬೇಕು. ಸುತ್ತಲೂ ಒಂದು ವೃತ್ತ ಚಿಕ್ಕದಾಗುತ್ತಾ ಬರುತ್ತದೆ, ಹೊರಗೆ ಉಳಿದರೆ ಸಾವು. ಕೊನೆಗೆ ಉಳಿದವನೇ ಗೆದ್ದವನು. ಒಂದು ಪಂದ್ಯಕ್ಕೆ ಸುಮಾರು ಅರ್ಧ ಗಂಟೆ. "ಬಂದೂಕ್ ಅಲ್ಲ ಮಾವ ಇದ್ರಗೆ ಮುಖ್ಯ. ಎಲ್ಲಿ ಅಡಗ್ಕಣ್ಕ್, ಯಾರ್ ಜೊತಿಗ್ ಹೋಯ್ಕ್, ಅದೇ ಮುಖ್ಯ" ಅಂದ. ಅವನ ತಂಡದಲ್ಲಿ ನಾಲ್ವರು. ಒಬ್ಬ ಉಪ್ಪುಂದದವನು, ಒಬ್ಬ ಈಗ ಬೆಂಗಳೂರಿನಲ್ಲಿ ಬೇಕರಿಗೆ ಸೇರಿದವನು, ಇನ್ನೊಬ್ಬ ಯಾರೆಂದು ಇವನು ಮುಖವನ್ನೇ ನೋಡಿಲ್ಲ, ಧ್ವನಿ ಮಾತ್ರ ಗೊತ್ತು.

ತ್ರಾಸಿ ಬರುವ ಮೊದಲು ನನ್ನ ಕೈಗೂ ಮೊಬೈಲು ಕೊಟ್ಟ. ಎಡಗಡೆ ನಡೆಯುವ ಗುಂಡಿ, ಬಲಗಡೆ ಗುಂಡು ಹಾರಿಸುವ ಗುಂಡಿ. ಹೊರಗೆ ಮರವಂತೆಯ ಕಡಲು ಮಳೆಗಾಲದ ಅಬ್ಬರದಲ್ಲಿತ್ತು, ಇನ್ನೊಂದು ಬದಿ ಸೌಪರ್ಣಿಕೆ ತುಂಬಿ ಹರಿಯುತ್ತಿತ್ತು. ನಾನು ಅದನ್ನು ಬಿಟ್ಟು ಯಾವುದೋ ದೇಶದ ಯಾವುದೋ ಕಡಲಿನ ದಂಡೆಯಲ್ಲಿ ಗೋಡೆಗೆ ಮುಖಮಾಡಿ ನಿಂತಿದ್ದೆ. ತಿರುಗುವುದು ಹೇಗೆಂದು ಕೇಳುವಷ್ಟರಲ್ಲಿ ಯಾರೋ ಹಿಂದಿನಿಂದ ಹೊಡೆದು ಕೆಡವಿದರು. ಒಂದು ನಿಮಿಷವೂ ಆಗಿರಲಿಲ್ಲ. ಹುಡುಗ ಮರ್ಯಾದೆಯಿಂದ ನಗಲಿಲ್ಲ.

ಈ ಆಟದ ಚರಿತ್ರೆಯೂ ಒಂದು ಪ್ರಸಂಗದಂತೆಯೇ ಇದೆ. ಮೊದಲು ಪಬ್ಜಿ ಎಂಬ ಹೆಸರಲ್ಲಿ ಬಂತು. 2020ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಚೀನಾ ನಂಟಿನ ಆ್ಯಪ್‌ಗಳ ಜೊತೆಗೆ ಅದನ್ನೂ ನಿಷೇಧಿಸಿತು. 2021ರ ಜುಲೈಯಲ್ಲಿ ದಕ್ಷಿಣ ಕೊರಿಯಾದ ಕ್ರಾಫ್ಟನ್ ಕಂಪೆನಿ ವೇಷ ಬದಲಿಸಿ ಬಿಜಿಎಂಐ ಎಂದು ರಂಗಕ್ಕೆ ತಂದಿತು. 2022ರ ಜುಲೈಯಲ್ಲಿ ಮತ್ತೆ ಚೌಕಿಗೆ, 2023ರ ಮೇ ತಿಂಗಳಲ್ಲಿ ಮತ್ತೆ ರಂಗಸ್ಥಳಕ್ಕೆ. ಹಾಗೆ ಮರಳಿದಾಗ ಹದಿನೆಂಟು ತುಂಬದವರು ದಿನಕ್ಕೆ ಮೂರು ಗಂಟೆಗಿಂತ ಹೆಚ್ಚು ಆಡಬಾರದೆಂಬ ಕಟ್ಟುಪಾಡು ಹಾಕಿದ್ದರು. "ಹೌದಾ?" ಅಂತ ಕೇಳಿದರೆ ಹುಡುಗ ಕಿಟಕಿ ಕಡೆ ನೋಡಿದ. ಅಪ್ಪಯ್ಯನ ಹೆಸರಲ್ಲಿ ಖಾತೆ ತೆರೆದ ಮಕ್ಕಳು ಊರಿಗೆ ಎಷ್ಟೋ!

ಅದಿರಲಿ. ಹೆಮ್ಮಾಡಿಯಲ್ಲಿ ಗಂಗೊಳ್ಳಿ ಕಡೆಯ ಇಬ್ಬರು ಮೀನುಗಾರ ಯುವಕರು ಹತ್ತಿದರು. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳಿಗೆ ರಜೆ ತಾನೆ, ಕೈಯಲ್ಲಿ ಕೆಲಸವಿಲ್ಲ. ಒಬ್ಬನ ಮೊಬೈಲಿನಲ್ಲಿ ಏನಿತ್ತು ಹೇಳಿ? ಮೀನು ಹಿಡಿಯುವ ಆಟ! "ಇದ್ರಗ್ ಡೀಸೆಲ್ ಖರ್ಚಿಲ್ಲ, ಬಲಿ ಹರುದಿಲ್ಲ. ಆದ್ರೆ ಮೀನ್ ಸಾರಿಗ್ ಆತಿಲ್ಲ" ಅಂದ. ಇದಕ್ಕಿಂತ ಒಳ್ಳೆಯ ವಿಮರ್ಶೆ ಆ ದಿನ ಮತ್ತೆ ಸಿಗಲಿಲ್ಲ.

ಕುಂದಾಪುರದ ಬಸ್ಸು ನಿಲ್ದಾಣದಲ್ಲಿ ಇಳಿದು ಚಹಾಕ್ಕೆ ನಿಂತಾಗ ಸಿಕ್ಕಿದ್ದು ಅಸಲು ಸರಕು. ಪಿಯುಸಿ ಓದುವ ಹುಡುಗನೊಬ್ಬ ಬೆಂಚಿನ ಮೇಲೆ ಕೂತು ಬಸ್ಸು ಓಡಿಸುತ್ತಿದ್ದ. ಮೊಬೈಲನ್ನು ಸ್ಟೇರಿಂಗಿನಂತೆ ಅಡ್ಡ ಹಿಡಿದು, ತಿರುವಿಗೆ ಮೈಯನ್ನೂ ವಾಲಿಸುತ್ತಾ. ಸುತ್ತ ನಾಲ್ಕೈದು ಜನ, ಅದರಲ್ಲೊಬ್ಬರು ಖಾಕಿ ಅಂಗಿಯ ಕಂಡಕ್ಟರು, ನಿಜವಾದ ಬಸ್ಸಿನವರು.

ಆಟದ ಹೆಸರು 'ಬಸ್ ಸಿಮ್ಯುಲೇಟರ್ ಇಂಡೋನೇಷ್ಯಾ'. ಇಂಡೋನೇಷ್ಯಾದ ಮಾಲಿಯೋ ಎಂಬ ಕಂಪೆನಿ 2017ರಲ್ಲಿ ಬಿಟ್ಟದ್ದು. ಅಲ್ಲಿಯ ಬಸ್ಸು ಇಲ್ಲಿಗೆ ಹೇಗೆ ಬಂತು ಎಂದು ಕೇಳಬೇಡಿ, ಕಾರಣ ಸರಳ. ಅವರದೂ ನಮ್ಮ ಹಾಗೇ ರಸ್ತೆಯ ಎಡಬದಿಯ ಓಡಾಟ, ಸ್ಟೇರಿಂಗು ಬಲಕ್ಕೆ. ಅವರದೂ ತೆಂಗಿನ ತೋಟ, ಹಂಚಿನ ಮನೆ, ಅಡ್ಡಾದಿಡ್ಡಿ ಬೈಕುಗಳು. ಅಮೆರಿಕದ ಲಾರಿ ಆಟ ಆಡಿದರೆ ಊರು ಬಿಟ್ಟ ಹಾಗೆ ಅನ್ನಿಸುತ್ತದೆ, ಇದರಲ್ಲಿ ಹಾಗಲ್ಲ. ಮೇಲಾಗಿ ಬಸ್ಸಿಗೆ ಬೇಕಾದ ಬಣ್ಣ ನಾವೇ ಬಳಿಯಬಹುದು. ಕೇರಳದ ಹುಡುಗರು ತಮ್ಮ ಟೂರಿಸ್ಟ್ ಬಸ್ಸುಗಳ ಬಣ್ಣವನ್ನೆಲ್ಲ ಅದಕ್ಕೆ ಬಳಿದು ಹಂಚಿದರು. ನಮ್ಮ ಹುಡುಗರು ಬಿಡುತ್ತಾರೆಯೇ? ಈ ಹುಡುಗನ ಬಸ್ಸು ನಮ್ಮ ರೂಟಿನ ಒಂದು ಎಕ್ಸ್‌ಪ್ರೆಸ್ಸಿನ ಬಣ್ಣದ್ದು. ಎದುರಿನ ಗಾಜಿನ ಮೇಲೆ ಊರಿನ ಹೆಸರು ಕನ್ನಡದಲ್ಲಿ. ರಾತ್ರಿ ಕೂತು ತಾನೇ ಬರೆದದ್ದಂತೆ.

ಹಾರ್ನ್ ಒತ್ತಿ ತೋರಿಸಿದ. ಪೀಪಿ ಊದಿದ ಹಾಗೆ ಒಂದು ಟ್ಯೂನು. ಇದಕ್ಕೂ ಕಥೆ ಇದೆ. ಇಂಡೋನೇಷ್ಯಾದಲ್ಲಿ ಮಕ್ಕಳು ರಸ್ತೆ ಬದಿ ನಿಂತು ಬಸ್ಸಿನ ಚಾಲಕರಿಗೆ "ಓಂ ಟೆಲೊಲೆಟ್ ಓಂ" ಎಂದು ಕೂಗುತ್ತಿದ್ದರು. 2016ರ ಡಿಸೆಂಬರ್‌ನಲ್ಲಿ ಆ ಕೂಗು ಜಗತ್ತಿನಾದ್ಯಂತ ಹಬ್ಬಿತು. 'ಓಂ' ಅಂದರೆ ಮಂತ್ರವಲ್ಲ ಸ್ವಾಮೀ, ಅವರ ಭಾಷೆಯಲ್ಲಿ ಮಾವ! "ಹಾರ್ನ್ ಹೊಡಿ ಮಾವ" ಅಂದ ಹಾಗೆ. ನಮ್ಮ ಶಾಲೆ ಮಕ್ಕಳು ಕೈ ಬೀಸಿ ಕೂಗುವುದೂ ಅದೇ.

ಕಂಡಕ್ಟರು ಮಾತ್ರ ಒಪ್ಪಲಿಲ್ಲ. ಚಹಾ ಗ್ಲಾಸು ಕೆಳಗಿಟ್ಟು ಒಂದೊಂದೇ ತಪ್ಪು ಹಿಡಿದರು. "ಟಿಕೇಟ್ ಕೊಡುದ್ ಯಾರ್ ಮಾರಾಯ? ಚಿಲ್ರಿ ಗಲಾಟಿ ಇಲ್ದೆ ಎಂತ ಬಸ್ಸ್ ಅದ್? ಹಿಂದಿನ್ ಬಸ್ಸಿನವ ಟೈಮಿಗ್ ಜಗಳ ತೆಗಿತಿಲ್ಲ, ಅಜ್ಜಿ ಗೋಣಿ ಹತ್ಸುಕ್ ಕೈ ಕೊಡಿ ಅಂಬ್ದಿಲ್ಲ!" ಎಲ್ಲರೂ ನಕ್ಕರು. ಆದರೆ ಹುಡುಗ ಬಸ್ಸನ್ನು ಹಿಮ್ಮುಖವಾಗಿ ನಿಲ್ದಾಣದೊಳಗೆ ಒಂದೇ ಏಟಿಗೆ ತಂದು ನಿಲ್ಲಿಸಿದಾಗ ಅವರೇ ಬೆನ್ನು ತಟ್ಟಿದರು. ಇಳಿದನಿಯಲ್ಲಿ ನನ್ನ ಹತ್ತಿರ ಹೇಳಿದ್ದು ಬೇರೆ. ತಮ್ಮ ಮಗನೂ ಇದನ್ನೇ ಆಡುತ್ತಾನಂತೆ. ಮೊಬೈಲು ಎರಡು ಸಲ ಕಿತ್ತುಕೊಂಡು ಹೊಡೆದದ್ದೂ ಆಯಿತಂತೆ. ಅವನು ಏನು ಆಡುತ್ತಾನೆ ಎಂದು ಕೇಳಿದ್ದೇ ಇಲ್ಲ, ಬಸ್ಸಿನ ಆಟವೆಂದು ಗೊತ್ತಾದದ್ದು ಈಚೆಗೆ. "ದಿನಾ ನಾನ್ ಹೋಪ್ ರೂಟೇ ಅಂವ ಆಡುದಂಬ್ರ್" ಎಂದು ಗ್ಲಾಸು ಎತ್ತಿಕೊಂಡರು.

ನನ್ನ ಪಾಲಿನದ್ದನ್ನೂ ಹೇಳಿಬಿಡುತ್ತೇನೆ, ಊರವರದ್ದು ಮಾತ್ರ ಹೇಳಿದರೆ ನ್ಯಾಯವಲ್ಲ. ಕೋಟೇಶ್ವರದ ಕೊಡಿಹಬ್ಬದಲ್ಲಿ ಹಠ ಹಿಡಿದು ಕೊಡಿಸಿಕೊಂಡ 'ಬ್ರಿಕ್ ಗೇಮ್' ನನ್ನ ಮೊದಲನೆಯದು. ಮೇಲಿನಿಂದ ಇಟ್ಟಿಗೆ ಬೀಳುತ್ತದೆ, ಸಾಲು ತುಂಬಿಸಬೇಕು. 1984ರಲ್ಲಿ ಮಾಸ್ಕೋದಲ್ಲಿ ಅಲೆಕ್ಸಿ ಪಜಿಟ್ನೋವ್ ಎಂಬಾತ ಮಾಡಿದ ಟೆಟ್ರಿಸ್ ಆಟದ ಚೀನೀ ನಕಲು ಅದು ಎಂದು ತಿಳಿಯಲು ಎಷ್ಟೋ ವರ್ಷ ಬೇಕಾಯಿತು. ಆಮೇಲೆ ನೋಕಿಯಾದ ಹಾವು. ತನ್ನ ಬಾಲ ತಾನೇ ಕಚ್ಚಿ ಸಾಯುವ ಆ ಹಾವು ಮೊದಲು ಬಂದದ್ದು 1997ರಲ್ಲಿ. ಈಗ ಆಡುತ್ತಿರುವುದು 'ಸಬ್‌ವೇ ಸರ್ಫರ್ಸ್'. ರೈಲು ಹಳಿಯ ಮೇಲೆ ಹುಡುಗನೊಬ್ಬ ಓಡುತ್ತಾನೆ, ಹಿಂದೆ ಇನ್‌ಸ್ಪೆಕ್ಟರು ಮತ್ತು ನಾಯಿ. ದಾರಿಯಲ್ಲಿ ಚಿನ್ನದ ನಾಣ್ಯ ಆರಿಸಬೇಕು. ಲಕ್ಷಗಟ್ಟಲೆ ಇದೆ ನನ್ನ ಹತ್ತಿರ, ಒಂದು ಚಹಾ ಬರುವುದಿಲ್ಲ. ಇದರಿಂದಾಗಿ ಒಮ್ಮೆ ಸಾಲಿಗ್ರಾಮದಲ್ಲಿ ಇಳಿಯಬೇಕಾದವನು ಮಾಬುಕಳದ ಸೇತುವೆ ಕಂಡಾಗ ಎಚ್ಚೆತ್ತದ್ದು ಉಂಟು.

ತೆಕ್ಕಟ್ಟೆಗೆ ಹೊರಟ ನಾವುಂದದ ಒಬ್ಬರು ಅಮ್ಮ, ಸುಮಾರು ಅರವತ್ತರವರು, ಅವರದು ಲೂಡೊ. ಅವರ ಮಗ ಹೈದರಾಬಾದಿನಲ್ಲಿ ಬೇಕರಿ ಇಟ್ಟಿದ್ದಾನೆ. ಬಾಗಿಲು ಹಾಕುವಾಗ ರಾತ್ರಿ ಹನ್ನೊಂದು. ಆಮೇಲೆ ಇಬ್ಬರೂ ಲೂಡೊ ಕಿಂಗ್‌ನಲ್ಲಿ ಒಂದು ಆಟ. ನಮ್ಮ ಪಗಡೆಯ ಜಾತಿಯ ಪಚ್ಚೀಸಿಯನ್ನೇ ಇಂಗ್ಲೆಂಡಿನವರು ಲೂಡೊ ಅಂತ ಹಕ್ಕು ಪಡೆದದ್ದು. 2016ರಲ್ಲಿ ಮುಂಬಯಿಯ ಕಂಪೆನಿ ಅದನ್ನೇ ಮೊಬೈಲಿಗೆ ಹತ್ತಿಸಿತು. 2020ರ ಲಾಕ್‌ಡೌನಿನಲ್ಲಿ ಮನೆ ಮನೆಗೂ ತಲುಪಿತು. ಈ ಅಮ್ಮನಿಗೆ ಅದೊಂದೂ ಬೇಡ. "ಬರೀ ಫೋನ್ ಮಾಡ್ರೆ 'ಉಂಡ್ಯಾ?' 'ಉಂಡೆ'. ಮುಗೀತ್. ಆಟ ಆಡುಕ್ ಕೂತ್ರೆ ಅರ್ಧ ಗಂಟಿ ಮಾತಾಡ್ತ. ನಾನ್ ಬೇಕಂತ್ಲೇ ಸಾವ್ಕಾಶ ಆಡ್ತೆ." ಮೊದಲು ಆಸಾಡಿಯಲ್ಲಿ ಇದೇ ಮಗನ ಜೊತೆ ಚೆನ್ನೆಮಣೆ ಆಡುತ್ತಿದ್ದರಂತೆ. ಹದಿನಾಲ್ಕು ಗುಳಿಯ ಆ ಮಣೆ ಅಟ್ಟದ ಮೇಲಿದೆ, ಬೀಜಗಳು ಕಳೆದುಹೋಗಿವೆ.

ಇಲ್ಲಿಗೇ ಮುಗಿಸಿದರೆ ಬರೆದದ್ದೆಲ್ಲ ಚಂದ. ಆದರೆ ಬ್ರಹ್ಮಾವರ ಬಾಕಿ ಇತ್ತು.

ಪೇಟೆಯ ಒಂದು ಅಂಗಡಿ. ಹೆಸರು ಬೇಡ, ನೀವೂ ಊಹಿಸಲು ಹೋಗಬೇಡಿ. ಯಜಮಾನರಿಗೂ ಅದೇ ಪ್ರಶ್ನೆ ಹಾಕಿದೆ. ಅವರು ಗಿರಾಕಿ ಹೋಗುವ ತನಕ ಕಾದರು. "ಈಗ ಎಂತದೂ ಇಲ್ಲ. ಮೊದ್ಲ್ ರಮ್ಮಿ ಆಡ್ತಿದ್ದೆ" ಅಂದರು. ಮೊಬೈಲಿನ ರಮ್ಮಿ. ಐವತ್ತು ರೂಪಾಯಿ ಹಾಕಿದಾಗ ಕಂಪೆನಿಯವರೇ ಬೋನಸ್ ಕೊಟ್ಟರು. ಮೊದಲ ವಾರ ಎಂಟುನೂರು ಬಂತು, ಮನೆಗೆ ಕೋಳಿ ತಂದರು. ಮಧ್ಯಾಹ್ನ ವ್ಯಾಪಾರ ಇಲ್ಲದ ಹೊತ್ತಿಗೆ ಗಲ್ಲಾದ ಹಿಂದೆ ಕೂತು ಆಡಿದ್ದು ರಾತ್ರಿಗೆ ಮುಂದುವರಿಯಿತು. ಹೋದದ್ದನ್ನು ತರಲು ಮತ್ತೆ ಹಾಕಿದರು. ಡೀಲರಿಗೆ ಕೊಡಬೇಕಾದ ಹಣ ಹೋಯಿತು. ದಿನಾ ಸಂಜೆ ಬರುವ ಪಿಗ್ಮಿಯವರಿಗೆ "ನಾಳೆ ಬನ್ನಿ" ಶುರುವಾಯಿತು. ಕೊನೆಗೆ ಪಿಗ್ಮಿ ಖಾತೆಯನ್ನೇ ಮುರಿದರು. ಮಗಳ ಕಾಲೇಜಿಗೆಂದು ಕಟ್ಟುತ್ತಿದ್ದ ಖಾತೆ. ಒಟ್ಟು ಎಷ್ಟು ಎಂದು ಕೇಳಿದೆ. ಬೆರಳಲ್ಲಿ ತೋರಿಸಿದರು, ಎರಡು. ಸಾವಿರವಲ್ಲ, ಲಕ್ಷ.

ಪಿಗ್ಮಿ ಹುಟ್ಟಿದ್ದೇ ನಮ್ಮ ಉಡುಪಿ ಕಡೆ. 1928ರಲ್ಲಿ ಸಿಂಡಿಕೇಟ್ ಬ್ಯಾಂಕ್ ಶುರುಮಾಡಿದ್ದು. ಅಂಗಡಿಕಾರರ ಬಾಗಿಲಿಗೇ ಬಂದು ದಿನಕ್ಕೆ ಎರಡಾಣೆ ಒಯ್ದು ಗಂಟು ಮಾಡಿಕೊಟ್ಟ ಉಪಾಯ. ಮೊಬೈಲಿನ ರಮ್ಮಿಯೂ ಬಾಗಿಲಿಗೇ ಬಂತು, ಸ್ವಲ್ಪ ಸ್ವಲ್ಪವೇ ಒಯ್ದಿತು. ಗಂಟು ಬೇರೆಯವರದ್ದಾಯಿತು ಅಷ್ಟೇ.

ಕಾನೂನು ಏನು ಮಾಡುತ್ತಿತ್ತು? ಓಲಾಡುತ್ತಿತ್ತು. ರಾಜ್ಯ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆ ತಿದ್ದಿ ಆನ್‌ಲೈನ್ ಹಣದಾಟ ನಿಷೇಧಿಸಿತು. 2022ರ ಫೆಬ್ರವರಿಯಲ್ಲಿ ಹೈಕೋರ್ಟು ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಕೌಶಲದ ಆಟ ಬೇರೆ, ಅದೃಷ್ಟದ ಆಟ ಬೇರೆ ಎಂಬ ವಾದ. ಕೊನೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾಯ್ದೆ ಮಾಡಿತು, 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಕೌಶಲವೋ ಅದೃಷ್ಟವೋ, ಹಣ ಕಟ್ಟಿಸಿ ಆಡಿಸುವ ಆನ್‌ಲೈನ್ ಆಟ ನಡೆಸಿದರೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿಯವರೆಗೆ ದಂಡ. ದೊಡ್ಡ ದೊಡ್ಡ ಕಂಪೆನಿಗಳು ಹಣದ ಪಂದ್ಯ ನಿಲ್ಲಿಸಿದವು. ಬಸ್ಸಿನ ಆಟ, ಲೂಡೊ, ಹಣವಿಲ್ಲದ ಆಟಗಳಿಗೆ ಅಡ್ಡಿಯಿಲ್ಲ. ಇನ್ನೊಂದು ಮುಖ್ಯ ಮಾತು, ಆಡಿ ಕಳಕೊಂಡವರಿಗೆ ಆ ಕಾಯ್ದೆಯಲ್ಲಿ ಶಿಕ್ಷೆ ಇಲ್ಲ. ಹೆದರಿ ಬಾಯಿ ಮುಚ್ಚಿ ಕೂರುವ ಅಗತ್ಯವಿಲ್ಲ. ನಮ್ಮ ಯಜಮಾನರು ವರ್ಷವಿಡೀ ಮನೆಯಲ್ಲಿ ಹೇಳದೆ ಕೂತದ್ದೇ ಹೆಚ್ಚು ದುಬಾರಿಯಾಯಿತು.

"ಈಗಲೂ ವಾಟ್ಸಾಪಿಗೆ ಲಿಂಕ್ ಬತ್ತ್" ಎಂದು ತೋರಿಸಿದರು. ಯಾವ ದೇಶದ್ದೋ ನಂಬರು, ಮೊದಲ ದಿನ ಬೋನಸ್ ಉಚಿತ. ನನ್ನೆದುರೇ ಅಳಿಸಿದರು. ಆದರೆ ಮಧ್ಯಾಹ್ನ ಎರಡರಿಂದ ನಾಲ್ಕು ಗಂಟೆಯ ತನಕ ಕೈ ಸುಮ್ಮನೆ ಕೂರುವುದಿಲ್ಲವಂತೆ. ಹಣ ಕೇಳದ್ದು ಯಾವುದಾದರೂ ಇದ್ದರೆ ಹೇಳಿ ಅಂದರು.

ಕುಂದಾಪುರದ ಹುಡುಗನ ಬಸ್ಸು ನೆನಪಾಗಿ ಅದನ್ನೇ ಹಾಕಿಕೊಟ್ಟೆ. ಕನ್ನಡಕ ಏರಿಸಿಕೊಂಡು ಮೊಬೈಲು ಅಡ್ಡ ಹಿಡಿದರು. ಹಾರ್ನ್ ಸಿಕ್ಕಿತು, ಬ್ರೇಕು ಸಿಗಲಿಲ್ಲ. ಮೊದಲ ತಿರುವಿನಲ್ಲೇ ಬಸ್ಸು ಚರಂಡಿಗೆ ಇಳಿಯಿತು. ಇನ್ನೊಮ್ಮೆ ಶುರುಮಾಡುವಷ್ಟರಲ್ಲಿ ಯಾರೋ ಅರ್ಧ ಕಿಲೋ ಸಕ್ಕರೆ ಕೇಳಿದರು. "ಒಂದ್ ಗಳಿಗಿ ನಿಲ್ಲಿ" ಎಂದು ನನಗೆ ಹೇಳಿ, ಮೊಬೈಲನ್ನು ತಕ್ಕಡಿ ಪಕ್ಕ ಮಗುಚಿಟ್ಟು ಎದ್ದರು.