ಸಣ್ಣ ಹಿಡುವಳಿಯ ಬಿತ್ತನೆಗೆ ಹಳೆಯ ಟ್ರ್ಯಾಕ್ಟರ್: ಖರೀದಿಗೆ ಮುನ್ನ ಗಮನಿಸಬೇಕಾದ ಅಂಶಗಳು

(ಗ್ರಾಮ ಪಂಚಾಯತಿಗಳ ಮಾನ್ಯ ಸದಸ್ಯರ ಮಾಹಿತಿಗಾಗಿ)

ಸೇಡಂ, ಚಿತ್ತಾಪುರ, ಶಹಾಬಾದ್ ಹಾಗೂ ಚಿಂಚೋಳಿ ತಾಲ್ಲೂಕುಗಳಲ್ಲಿಯೂ ವಾಡಿ ಸುತ್ತಮುತ್ತಲಿನ ಗ್ರಾಮಗಳಲ್ಲಿಯೂ ಎತ್ತು ಸಾಕುವ ಕುಟುಂಬಗಳು ಕಡಿಮೆಯಾಗುತ್ತಿವೆ. ಮಿರಗದ ಮಳೆ ಬಿದ್ದು ಎರೆ ಭೂಮಿ ಹದಕ್ಕೆ ಬಂದಾಗ ಎಲ್ಲರಿಗೂ ಒಂದೇ ವಾರದಲ್ಲಿ ಬಿತ್ತನೆ ಆಗಬೇಕಾಗುತ್ತದೆ. ಬಾಡಿಗೆ ಟ್ರ್ಯಾಕ್ಟರ್ ಸಹಜವಾಗಿ ಮೊದಲು ದೊಡ್ಡ ಹೊಲಗಳಿಗೆ ಹೋಗುತ್ತದೆ. ನಾಲ್ಕೈದು ಎಕರೆಯ ರೈತರ ಸರದಿ ಬರುವಷ್ಟರಲ್ಲಿ ಮೇಲ್ಮಣ್ಣಿನ ಹಸಿ ಆರಿರುತ್ತದೆ. ಈ ತೊಂದರೆಯಿಂದ ಪಾರಾಗಲು ಸಾಲ ಮಾಡಿ ಹಳೆಯ ಟ್ರ್ಯಾಕ್ಟರ್ ಕೊಳ್ಳುವ ರೈತರು, ಅಗ್ಗಕ್ಕೆ ಸಿಕ್ಕಿತೆಂದು ಅಗತ್ಯಕ್ಕಿಂತ ದೊಡ್ಡ ಯಂತ್ರವನ್ನು ತಂದು, ಸಾಲದ ಕಂತು ಹಾಗೂ ದುರಸ್ತಿಯ ಭಾರಕ್ಕೆ ಸಿಲುಕುವುದುಂಟು. ರೈತರು ಸಲಹೆ ಕೇಳಿ ಬಂದಾಗ ಮಾರ್ಗದರ್ಶನ ನೀಡಲು ಸದಸ್ಯರಿಗೆ ಅನುಕೂಲವಾಗಲೆಂದು ಈ ಕೆಳಗಿನ ವಿವರಗಳನ್ನು ನೀಡಲಾಗಿದೆ.

1. ಬಿತ್ತನೆಗೆ ಎಷ್ಟು ಶಕ್ತಿ ಬೇಕು?

ಒಂದು ಜೋಡಿ ಎತ್ತಿನ ಶಕ್ತಿ ಸುಮಾರು 1 ಅಶ್ವಶಕ್ತಿ. ಆ ಜೋಡಿಯೇ ತಲೆತಲಾಂತರದಿಂದ ಕೂರಿಗೆ ಎಳೆದು ಈ ಭಾಗದ ತೊಗರಿ, ಜೋಳಗಳನ್ನು ಬಿತ್ತಿದೆ. ಹೀಗಾಗಿ ಬಿತ್ತನೆಗೆ ಬಹಳ ಶಕ್ತಿ ಬೇಕೆಂಬ ನಂಬಿಕೆ ಸರಿಯಲ್ಲ. ಬಿತ್ತುವ ಯಂತ್ರಕ್ಕೆ 300 ಕಿಲೋ ಎಳೆತ ಬೇಕೆಂದು ಹಿಡಿದರೂ, ಗಂಟೆಗೆ 4 ಕಿ.ಮೀ. ವೇಗದಲ್ಲಿ ಅದಕ್ಕೆ ತಗಲುವುದು ಸುಮಾರು ನಾಲ್ಕೂವರೆ ಅಶ್ವಶಕ್ತಿ. ಮೆದು ಮಣ್ಣಿನಲ್ಲಿ ಎಂಜಿನ್ ಶಕ್ತಿಯ ಅರ್ಧದಷ್ಟೇ ಎಳೆತಕ್ಕೆ ದೊರೆಯುತ್ತದೆಂದು ಲೆಕ್ಕ ಹಾಕಿ, ಅದರ ಮೇಲೆ ಸ್ವಲ್ಪ ಮೀಸಲು ಇಟ್ಟರೂ 15ರಿಂದ 20 ಅಶ್ವಶಕ್ತಿಯ ಸಣ್ಣ ಟ್ರ್ಯಾಕ್ಟರ್ ಬಿತ್ತನೆಗೆ ಮತ್ತು ಎಡೆ ಹೊಡೆಯಲು ಸಾಕಾಗುತ್ತದೆ.

ದೊಡ್ಡ ಟ್ರ್ಯಾಕ್ಟರ್ ಬೇಕಾಗುವುದು ಬೇಸಿಗೆಯ ಆಳ ಉಳುಮೆಗೆ ಮತ್ತು ಟ್ರಾಲಿಯಲ್ಲಿ ಭಾರ ಸಾಗಿಸಲು. ಆಳ ಉಳುಮೆಯನ್ನು ಪ್ರತಿ ವರ್ಷ ಮಾಡಬೇಕಾಗಿಲ್ಲ. ಬೇಸಿಗೆಯಲ್ಲಿ ಬಿತ್ತನೆಯ ಅವಸರವೂ ಇರುವುದಿಲ್ಲ. ಆದ್ದರಿಂದ ಆ ಕೆಲಸಕ್ಕೆ ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಿಂದ ಅಥವಾ ಖಾಸಗಿಯವರಿಂದ ಬಾಡಿಗೆಗೆ ಪಡೆಯುವುದು ಮಿತವ್ಯಯಕರ. ಅವಸರದ ಕೆಲಸಕ್ಕೆ ಸ್ವಂತ ಯಂತ್ರ, ಕಾಯಬಹುದಾದ ಕೆಲಸಕ್ಕೆ ಬಾಡಿಗೆ ಯಂತ್ರ ಎಂಬುದನ್ನು ಸೂತ್ರವಾಗಿ ಇಟ್ಟುಕೊಳ್ಳಬಹುದು.

2. ತೂಕ ಮತ್ತು ಗಾಲಿಗಳ ಅಂತರ

15 ಅಶ್ವಶಕ್ತಿಯ ಸಣ್ಣ ಟ್ರ್ಯಾಕ್ಟರಿನ ತೂಕ 800 ಕಿಲೋ ಆಸುಪಾಸಿನಲ್ಲಿರುತ್ತದೆ. 35ರಿಂದ 45 ಅಶ್ವಶಕ್ತಿಯದು ಅದರ ಎರಡು ಪಟ್ಟಿಗಿಂತ ಹೆಚ್ಚು. ಹಸಿ ಎರೆ ಮಣ್ಣಿನ ಮೇಲೆ ಭಾರವಾದ ಯಂತ್ರ ಓಡಾಡಿದರೆ ಕೆಳಪದರ ಗಟ್ಟಿಯಾಗಿ ನೀರು ಇಂಗುವುದು ನಿಧಾನವಾಗುತ್ತದೆ. ಆಳಕ್ಕೆ ಬೇರು ಬಿಡುವ, ನಿಂತ ನೀರನ್ನು ತಾಳದ ತೊಗರಿಗೆ ಇದರಿಂದ ಹಾನಿ. 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ತೊಗರಿ ಬೇಳೆಯನ್ನು ನೀಡುವ ಈ ನೆಲದಲ್ಲಿ ತೂಕದ ವಿಚಾರವನ್ನು ಕಡೆಗಣಿಸಲಾಗದು.

ಖರೀದಿದಾರರು ಸಾಮಾನ್ಯವಾಗಿ ಅಳೆಯದೆ ಬಿಡುವ ಇನ್ನೊಂದು ಅಂಶ ಗಾಲಿಗಳ ನಡುವಿನ ಅಂತರ. ಹಿಂದಿನ ಒಂದು ಗಾಲಿಯ ಮಧ್ಯದಿಂದ ಇನ್ನೊಂದರ ಮಧ್ಯದವರೆಗೆ ಟೇಪು ಹಿಡಿದು ಅಳೆಯಬೇಕು. ಈ ಅಂತರವು ಬೆಳೆಯ ಸಾಲಿನ ಅಂತರಕ್ಕೆ ಸಮನಾಗಿರಬೇಕು, ಇಲ್ಲವೇ ಅದರ ಎರಡು, ಮೂರು ಪಟ್ಟು ಇರಬೇಕು. ಗಾಲಿಗಳನ್ನು 90 ಸೆಂ.ಮೀ. ಅಂತರಕ್ಕೆ ಹೊಂದಿಸಲು ಸಾಧ್ಯವಿದ್ದರೆ, 90 ಸೆಂ.ಮೀ. ಸಾಲಿನ ತೊಗರಿಯಲ್ಲಿ ಒಂದು ಸಾಲು, 45 ಸೆಂ.ಮೀ. ಸಾಲಿನ ಜೋಳದಲ್ಲಿ ಎರಡು ಸಾಲು ಗಾಲಿಗಳ ನಡುವೆ ಬರುತ್ತವೆ. ಗಾಲಿಗಳು ಸಾಲುಗಳ ನಡುವೆಯೇ ಉರುಳುತ್ತವೆ. 135 ಸೆಂ.ಮೀ. ಅಂತರವು ಜೋಳಕ್ಕೆ ಹೊಂದಿದರೂ ತೊಗರಿಗೆ ಹೊಂದುವುದಿಲ್ಲ; ಎಡೆ ಹೊಡೆಯುವಾಗ ಒಂದು ಗಾಲಿ ಸಾಲಿನ ಮೇಲೆಯೇ ಹೋಗುತ್ತದೆ. ಸಣ್ಣ ಟ್ರ್ಯಾಕ್ಟರಿನ ಹೊಟ್ಟೆ ನೆಲಕ್ಕೆ ಹತ್ತಿರವಿರುವುದರಿಂದ ಗಿಡ ಸುಮಾರು ಒಂದು ಅಡಿ ಎತ್ತರಕ್ಕೆ ಬರುವ ಮುನ್ನವೇ ಎಡೆ ಹೊಡೆದು ಮುಗಿಸಬೇಕು. 30 ಸೆಂ.ಮೀ. ಸಾಲಿನ ಹೆಸರು, ಉದ್ದಿನಲ್ಲಿ ಗಾಲಿಗೆ ಜಾಗ ಸಾಲದು. ಅಲ್ಲಿ ಎಡೆಕುಂಟೆಯೇ ಸೂಕ್ತ.

3. ಮಣ್ಣಿಗೆ ತಕ್ಕ ಆಯ್ಕೆ

ಸೇಡಂ, ಚಿತ್ತಾಪುರ ಭಾಗದ ಆಳವಾದ ಎರೆಯಲ್ಲಿ ಮಣ್ಣು ಅಂಟಿ ಗಾಲಿ ಜಾರುವುದು ಮುಖ್ಯ ತೊಡಕು. ಅಲ್ಲಿ ಹಿಂದಿನ ಟೈರಿನ ಗುಬುಟುಗಳು ಸವೆಯದೆ ಎತ್ತರವಾಗಿರಬೇಕು. ಶಹಾಬಾದ್, ವಾಡಿ ಸುತ್ತ ಹಲವೆಡೆ ತೆಳುವಾದ ಮಣ್ಣಿನ ಕೆಳಗೆ ಫರಸಿ ಕಲ್ಲಿನ ಹಾಸು ಇದೆ. ಕುಳ ಕಲ್ಲಿಗೆ ತಾಗಿದರೆ ಮುರಿಯುವುದರಿಂದ ಸ್ಪ್ರಿಂಗ್ ಅಳವಡಿಸಿದ ಕಲ್ಟಿವೇಟರ್ ಬೇಕು. ಚಿಂಚೋಳಿಯ ಕೆಂಪು ಮಣ್ಣಿನ ಇಳಿಜಾರು ಹೊಲಗಳಲ್ಲಿ ಎರಡೂ ಬ್ರೇಕುಗಳು ಸಮನಾಗಿ ಹಿಡಿಯುತ್ತವೆಯೇ ಎಂಬುದನ್ನು ಮೊದಲು ನೋಡಬೇಕು.

4. ಎಷ್ಟು ಎಕರೆಗೆ ಒಂದು ಯಂತ್ರ?

1.35 ಮೀಟರ್ ಅಗಲದ ಬಿತ್ತುವ ಯಂತ್ರ ಗಂಟೆಗೆ 4 ಕಿ.ಮೀ. ವೇಗದಲ್ಲಿ ಸಾಗುತ್ತದೆ ಎಂದಿಟ್ಟುಕೊಳ್ಳೋಣ. ಸಣ್ಣ ಹೊಲದಲ್ಲಿ ತಿರುವು, ಬೀಜ ತುಂಬುವಿಕೆಗಳಿಗೆ ಮೂರನೇ ಒಂದು ಭಾಗಕ್ಕೂ ಹೆಚ್ಚು ಸಮಯ ಹೋಗುತ್ತದೆಂದು ಕಳೆದರೆ, ಗಂಟೆಗೆ ಸುಮಾರು 35 ಗುಂಟೆ ಬಿತ್ತನೆಯಾಗುತ್ತದೆ. ದಿನಕ್ಕೆ 8 ಗಂಟೆಯಂತೆ 7 ಎಕರೆ. ಹಸಿ 5 ದಿನ ನಿಲ್ಲುತ್ತದೆಂದರೆ ಒಟ್ಟು 35 ಎಕರೆ. ಅಂದರೆ ಒಂದು ಸಣ್ಣ ಟ್ರ್ಯಾಕ್ಟರ್ ತಲಾ 5 ಎಕರೆಯ 7 ಕುಟುಂಬಗಳಿಗೆ ಸಾಲುತ್ತದೆ.

ಖರ್ಚಿನ ಲೆಕ್ಕವೂ ಇದನ್ನೇ ಹೇಳುತ್ತದೆ. ಉದಾಹರಣೆಗೆ, 2 ಲಕ್ಷ ರೂಪಾಯಿಗೆ ಕೊಂಡ ಯಂತ್ರಕ್ಕೆ ವರ್ಷಕ್ಕೆ ಬಡ್ಡಿ 24,000, ಸವಕಳಿ 20,000, ವಿಮೆ ಮತ್ತು ದುರಸ್ತಿ 16,000, ಹೀಗೆ ಒಟ್ಟು 60,000 ರೂಪಾಯಿ ಎಂದು ಹಿಡಿದರೆ, 5 ಎಕರೆಯ ಒಂದೇ ಕುಟುಂಬಕ್ಕೆ ಡೀಸೆಲ್ ಹೊರತಾಗಿಯೇ ಎಕರೆಗೆ 12,000 ರೂಪಾಯಿ ಬೀಳುತ್ತದೆ. ಅದೇ ಯಂತ್ರ 35 ಎಕರೆಗೆ ದುಡಿದರೆ ಎಕರೆಗೆ ಸುಮಾರು 1,700 ರೂಪಾಯಿ. ಆದ್ದರಿಂದ ನಾಲ್ಕೈದು ಎಕರೆಯ ಕುಟುಂಬವೊಂದು ತನ್ನ ಹೊಲಕ್ಕಾಗಿ ಮಾತ್ರ ಟ್ರ್ಯಾಕ್ಟರ್ ಕೊಳ್ಳುವುದು, ಅದು ಎಷ್ಟೇ ಹಳೆಯದಾಗಿರಲಿ, ಲಾಭದಾಯಕವಲ್ಲ. ಅಕ್ಕಪಕ್ಕದ ಹೊಲದವರು ಅಥವಾ ಸ್ವಸಹಾಯ ಸಂಘದ ಸದಸ್ಯರು ಕೂಡಿ ಕೊಳ್ಳುವುದು ಸೂಕ್ತ. ಕೂಡಿ ಕೊಂಡಾಗ ಜಗಳ ಹುಟ್ಟುವುದು ಹಣದಿಂದಲ್ಲ, ಮೊದಲ ಸರದಿ ಯಾರದೆಂಬುದರಿಂದ. ಮಳೆಗೆ ಮುಂಚೆಯೇ ಚೀಟಿ ಎತ್ತಿ ಸರದಿ ನಿರ್ಧರಿಸಿ, ಮುಂದಿನ ವರ್ಷ ಕೊನೆಯವರು ಮೊದಲಾಗುವಂತೆ ಬರೆದಿಡಬೇಕು. ಡೀಸೆಲ್, ಚಾಲಕ, ದುರಸ್ತಿ ನಿಧಿಯ ಷರತ್ತುಗಳೂ ಬರಹದಲ್ಲಿರಬೇಕು.

5. ಯಂತ್ರದ ಪರೀಕ್ಷೆ

ಈ ಭಾಗದಲ್ಲಿ ಅನೇಕ ಟ್ರ್ಯಾಕ್ಟರುಗಳು ಹೊಲಕ್ಕಿಂತ ಕಲ್ಲು, ಮರಳು, ಇಟ್ಟಿಗೆ ಸಾಗಣೆಯಲ್ಲಿಯೇ ಹೆಚ್ಚು ದುಡಿದಿರುತ್ತವೆ. ಟ್ರಾಲಿ ಕಟ್ಟುವ ಕೊಂಡಿ ಸವೆದು ಅಗಲವಾಗಿದ್ದರೆ, ಗೇರ್ ಪೆಟ್ಟಿಗೆ ಮತ್ತು ಹಿಂದಿನ ಆಕ್ಸಲ್ ಭಾರ ಹೊತ್ತು ದಣಿದಿವೆ ಎಂದು ತಿಳಿಯಬೇಕು. ಹೊಸ ಬಣ್ಣವನ್ನು ನಂಬದೆ ಈ ಕೆಳಗಿನವುಗಳನ್ನು ನೋಡುವುದು:

• ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಚಾಲೂ ಮಾಡಿಸುವುದು. ನೀಲಿ ಹೊಗೆ ನಿರಂತರವಾಗಿ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ ಎಂದರ್ಥ. ರೇಡಿಯೇಟರ್ ನೀರಿನಲ್ಲಿ ಆಯಿಲ್ ತೇಲುತ್ತಿದ್ದರೆ ಖರೀದಿ ಬೇಡ.
• ಕಲ್ಟಿವೇಟರ್ ಎತ್ತಿ ಎಂಜಿನ್ ನಿಲ್ಲಿಸಿ 10 ನಿಮಿಷ ಕಾಯುವುದು. ಅದು ಬೇಗನೆ ಕೆಳಗಿಳಿದರೆ ಹೈಡ್ರಾಲಿಕ್ ದುರ್ಬಲವಾಗಿದೆ.
• ಗಂಟೆಯ ಮೀಟರಿನ ಅಂಕಿಯನ್ನು ಪೆಡಲ್, ಸ್ಟೇರಿಂಗ್‌ಗಳ ಸವೆತದೊಂದಿಗೆ ಹೋಲಿಸುವುದು.
• ಡಾಂಬರು ರಸ್ತೆಯಲ್ಲಲ್ಲ, ಹೊಲದಲ್ಲಿ ಅರ್ಧ ಗಂಟೆ ಹರಗಿಸಿ ನೋಡುವುದು. ಕ್ಲಚ್ ಜಾರುವುದು ಅಲ್ಲಿಯೇ ಗೊತ್ತಾಗುತ್ತದೆ.

6. ಕಾಗದಪತ್ರಗಳು

ಛಾಪಾ ಕಾಗದದ ಮೇಲಿನ ಕರಾರಿನಿಂದ ವಾಹನದ ನೋಂದಣಿ ವರ್ಗಾವಣೆಯಾಗುವುದಿಲ್ಲ. ನಮೂನೆ 29 ಮತ್ತು 30ರ ಮೂಲಕ ಆರ್.ಸಿ. ಕೊಂಡವರ ಹೆಸರಿಗೆ ಬದಲಾಗಬೇಕು. ಅಪಘಾತದ ಪ್ರಕರಣಗಳಲ್ಲಿ ನೋಂದಣಿಯಲ್ಲಿ ಹೆಸರಿರುವವರೇ ಮಾಲೀಕರೆಂದು ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪು ನೀಡಿದೆ. ಆದ್ದರಿಂದ ವರ್ಗಾವಣೆ ಕೊಳ್ಳುವವರಿಗಷ್ಟೇ ಅಲ್ಲ, ಮಾರುವ ರೈತರಿಗೂ ರಕ್ಷಣೆ. ಆರ್.ಸಿ.ಯಲ್ಲಿ ಸಾಲದ ನಮೂದು ಇದ್ದರೆ ಸಾಲದಾತರ ಸಹಿಯುಳ್ಳ ನಮೂನೆ 35 ಪಡೆಯದೆ ಹಣ ಕೊಡಬಾರದು. ಗಡಿಯಾಚೆಯ ತೆಲಂಗಾಣದಿಂದ ತರುವ ಟ್ರ್ಯಾಕ್ಟರಿಗೆ ಅಲ್ಲಿನ ನಿರಾಕ್ಷೇಪಣಾ ಪತ್ರ, ಅಂದರೆ ನಮೂನೆ 28, ಅವಶ್ಯ. ಎಂಜಿನ್ ಮತ್ತು ಚಾಸಿಸ್ ಸಂಖ್ಯೆಗಳನ್ನು ಆರ್.ಸಿ.ಯೊಂದಿಗೆ ಖುದ್ದಾಗಿ ತಾಳೆ ನೋಡಬೇಕು. ಕೃಷಿ ಇಲಾಖೆಯ ಸಹಾಯಧನವು ಹೊಸ ಯಂತ್ರಗಳಿಗೆ ಸಂಬಂಧಿಸಿದ್ದು. ಹಳೆಯ ಟ್ರ್ಯಾಕ್ಟರಿಗೆ ಸಹಾಯಧನ ಕೊಡಿಸುವುದಾಗಿ ಹೇಳುವ ಮಧ್ಯವರ್ತಿಗಳ ಮಾತಿಗೆ ರೈತರು ಮರುಳಾಗದಂತೆ ಎಚ್ಚರಿಸಬೇಕು.

ಮುಂಗಾರಿಗೆ ಮುನ್ನ ನಡೆಯುವ ಗ್ರಾಮ ಸಭೆಯಲ್ಲಿ ಈ ಅಂಶಗಳನ್ನು ಓದಿ ಹೇಳುವುದು ಸೂಕ್ತ. ಟ್ರ್ಯಾಕ್ಟರ್ ಕೊಳ್ಳಬೇಕೆಂದು ಬರುವ ರೈತರನ್ನು ಸದಸ್ಯರು ಮೊದಲು ಮೂರು ಪ್ರಶ್ನೆ ಕೇಳಬೇಕು: ಬಿತ್ತುವುದು ಎಷ್ಟು ಎಕರೆ, ಸಾಲಿನ ಅಂತರ ಎಷ್ಟು, ಜೊತೆಗೆ ಕೂಡುವವರು ಯಾರು. ಈ ಮೂರಕ್ಕೂ ಉತ್ತರ ಸಿಕ್ಕ ಬಳಿಕವೇ ಯಂತ್ರದ ಬೆಲೆಯನ್ನು ವಿಚಾರಿಸುವುದು ಕ್ಷೇಮ.