ರೈಲು ಮರೆಯಾಗಿ ತಾಳ ಉಳಿದಾಗ

ಬೀದಿಯ ಸದ್ದನ್ನು ಹಿಡಿದು ಕೊಟ್ಟರೆ ಸಾಕು, ಮೊಬೈಲು ಅದನ್ನೇ ಸಂಗೀತ ಮಾಡಿಬಿಡುತ್ತದಂತೆ, ಹಾರನ್ನುಗಳ ಕಿರುಚಾಟದಲ್ಲಿ ಸಂಗೀತ ಎಲ್ಲಿರುತ್ತದೆ ಎಂದು ಓದುಗರೊಬ್ಬರು ಕೇಳಿದ್ದಾರೆ. ಆ್ಯಪ್‌ಗಳ ಜಾಹೀರಾತು ಇದನ್ನು ನಿನ್ನೆ ಮೊನ್ನೆಯ ಪವಾಡವೆಂಬಂತೆ ಹೇಳುತ್ತದೆ. ನನಗದು ಒಪ್ಪಿಗೆಯಿಲ್ಲ. ಇದರ ಮೂಲ ಗುಟ್ಟುಗಳು 1948ರಲ್ಲೇ ಪ್ಯಾರಿಸ್ಸಿನ ರೇಡಿಯೊ ಸ್ಟುಡಿಯೊದಲ್ಲಿ ಬಯಲಾಗಿದ್ದವು.

ಪಿಯೆರ್ ಶೆಫೆರ್ ಅಲ್ಲಿನ ಎಂಜಿನಿಯರ್. ಬಾತಿನ್ಯೊಲ್ ರೈಲು ನಿಲ್ದಾಣಕ್ಕೆ ಹೋಗಿ ಉಗಿಬಂಡಿಗಳ ಏದುಸಿರು, ಶಿಳ್ಳೆ, ಗಾಲಿಗಳ ಸದ್ದನ್ನು ಮುದ್ರಿಸಿ ತಂದ. ಟೇಪ್ ಇನ್ನೂ ಆತನ ಕೈಗೆ ಬಂದಿರಲಿಲ್ಲ. ಇದ್ದದ್ದು ಗ್ರಾಮಫೋನ್ ತಟ್ಟೆ. ತಟ್ಟೆಯ ಗೀರು ಸುರುಳಿ ಸುರುಳಿಯಾಗಿ ಒಳಕ್ಕೆ ಸಾಗುತ್ತದಲ್ಲ, ಅದನ್ನು ಬಳೆಯಂತೆ ಮುಚ್ಚಿಬಿಟ್ಟರೆ? ಮುಳ್ಳು ಅಲ್ಲೇ ಸುತ್ತುತ್ತದೆ. ನಿಮಿಷಕ್ಕೆ 78 ಸುತ್ತಿನ ತಟ್ಟೆಯಲ್ಲಿ ಒಂದು ಸುತ್ತಿಗೆ ಹಿಡಿಯುವುದು ಸುಮಾರು 0.77 ಸೆಕೆಂಡು. ಅಷ್ಟೇ ಸದ್ದು ಮತ್ತೆ, ಮತ್ತೆ.

ಇದು ತಾಳದ ಆವರ್ತವೇ. ಆದಿತಾಳದ ಎಂಟು ಎಣಿಕೆ ಮುಗಿದು ಸಮ ಬಂದಾಗ ಕೇಳುವವರ ಕೈ ತಾನಾಗಿ ತೊಡೆಗೆ ಬೀಳುವುದು ಮುಂದಿನದು ಮೊದಲೇ ಗೊತ್ತಿರುವುದರಿಂದ. ಮುಚ್ಚಿದ ಗೀರಿನಲ್ಲೂ ಹಾಗೆಯೇ. ಮೊದಲ ಸುತ್ತಿಗೆ ಕಿವಿ ‘ರೈಲು’ ಎನ್ನುತ್ತದೆ. ಹತ್ತನೆಯ ಸುತ್ತಿಗೆ ರೈಲು ಹೋಗಿ ಏರಿಳಿತ ಮಾತ್ರ ಉಳಿದಿರುತ್ತದೆ. ಹಳಿಗಳ ಕೀಲಿನ ಸದ್ದಿಗೆ ಊರ ಹೆಸರು ಹೊಂದಿಸಿ ಹಾಡುತ್ತಾ ಪಯಣಿಸಿದ ಮಕ್ಕಳಿಗೆಲ್ಲ ಇದು ಗೊತ್ತು. ಹಳಿಯ ತುಂಡು 13 ಮೀಟರ್ ಉದ್ದವಿದ್ದರೆ, ಗಂಟೆಗೆ 47 ಕಿಲೋಮೀಟರ್ ವೇಗದ ಬಂಡಿ ಸೆಕೆಂಡಿಗೊಂದು ಕೀಲು ದಾಟುತ್ತದೆ. ಒಳ್ಳೆಯ ವಿಳಂಬ ಲಯ! ಹಳಿಗಳನ್ನು ಉದ್ದಕ್ಕೂ ಬೆಸೆದ ಮೇಲೆ ಆ ತಾಳ ನಿಂತುಹೋಯಿತು. ನನಗಂತೂ ಅದು ನಷ್ಟವೇ.

ಕಿವಿಯ ಈ ಗುಣ ಮಾತಿಗೂ ಅನ್ವಯಿಸುತ್ತದೆ. ಅಮೆರಿಕದ ಮನೋವಿಜ್ಞಾನಿ ಡಯಾನಾ ಡಾಯ್ಚ್ 1995ರಲ್ಲಿ ತಮ್ಮದೇ ಮಾತಿನ ತುಣುಕೊಂದನ್ನು ಯಂತ್ರದಲ್ಲಿ ಪುನರಾವರ್ತನೆಗೆ ಬಿಟ್ಟಿದ್ದರು. ಸ್ವಲ್ಪ ಹೊತ್ತಿನಲ್ಲಿ ಅದು ಹಾಡಾಗಿ ಕೇಳತೊಡಗಿತು. ಧ್ವನಿ ಎಳ್ಳಷ್ಟೂ ಬದಲಾಗಿರಲಿಲ್ಲ.

ಶೆಫೆರ್‌ನ ಇನ್ನೊಂದು ಶೋಧ ನನಗೆ ಇದಕ್ಕಿಂತ ಸೋಜಿಗ. ಗಂಟೆ ಬಾರಿಸಿದಾಗಿನ ಮೊದಲ ‘ಠಣ್’ ಕತ್ತರಿಸಿ, ಹಿಂದಿನ ಗುಂಯ್ ಮಾತ್ರ ಉಳಿಸಿದ. ಅದು ಗಂಟೆಯೆಂದು ಗುರುತೇ ಸಿಗಲಿಲ್ಲ. ಊದುವ ವಾದ್ಯದಂತೆ ಕೇಳಿತು. ವಾದ್ಯದ ಗುರುತನ್ನು ಕಿವಿ ಬಹುಮಟ್ಟಿಗೆ ಹಿಡಿಯುವುದು ಆ ಮೊದಲ ಪೆಟ್ಟಿನಲ್ಲಿ.

1948ರ ಅಕ್ಟೋಬರ್ 5ರಂದು ಆ ರೈಲಿನ ಸದ್ದುಗಳಿಂದ ಶೆಫೆರ್ ಕಟ್ಟಿದ ಕೃತಿ ಫ್ರೆಂಚ್ ರೇಡಿಯೊದಲ್ಲಿ ಬಿತ್ತರವಾಯಿತು. ಮೂರು ನಿಮಿಷದ ಆಸುಪಾಸು, ಅಷ್ಟೆ. ಶೆಫೆರ್‌ಗೆ ತೃಪ್ತಿಯಾಗಲಿಲ್ಲ. ಎಷ್ಟು ಕತ್ತರಿಸಿ ಜೋಡಿಸಿದರೂ ರೈಲು ಇಣುಕುತ್ತಿತ್ತು, ಕತೆ ಹೇಳುತ್ತಿತ್ತು.

ಪ್ರಶ್ನೆ ಕೇಳಿದವರು ತಮ್ಮ ಬೀದಿಯ ಹಾರನ್ನೊಂದನ್ನು ಹಿಡಿದು, ಅದರ ಮೊದಲ ಚೂರು ಕತ್ತರಿಸಿ, ಅರ್ಧ ವೇಗದಲ್ಲಿ ನುಡಿಸಲಿ. ಒಂದು ಸ್ಥಾಯಿ ಕೆಳಗಿಳಿದ ಆ ಧ್ವನಿಯನ್ನು ಹತ್ತು ಸಲ ಕೇಳಲಿ.